ಆರ್ಥಿಕ ವ್ಯವಸ್ಥೆಯ ಆಯ್ಕೆ ಮತ್ತು ಪರಿಗ್ರಹದ ಮಿತಿ

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ)

ಬೆಳೆಯುತ್ತಿರುವ ದೇಶಕ್ಕೆ ಯಾವ ಆರ್ಥಿಕ ವ್ಯವಸ್ಥೆ ಶ್ರೇಷ್ಠ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರಗಳು ದೊರೆಯುತ್ತವೆ. ಬಂಡವಾಳಕ್ಕೂ ಮಾರುಕಟ್ಟೆಗೂ ಮುಕ್ತ ಅವಕಾಶವಿದ್ದರೆ ಸಂಪತ್ತು ಬೆಳೆದು ಕ್ರಮೇಣ ಎಲ್ಲರಿಗೂ ತಲಪುತ್ತದೆ ಎಂಬುದು ಒಂದು ಮತ. ಉತ್ಪಾದನೆಯ ಮುಖ್ಯ ಸಾಧನಗಳು ರಾಜ್ಯದ ಕೈಯಲ್ಲಿರಬೇಕು ಎಂಬುದು ಇನ್ನೊಂದು. ಎರಡನ್ನೂ ಹದವಾಗಿ ಬೆರೆಸಬೇಕೆಂಬುದು ಮೂರನೆಯದು. ಸ್ವಾತಂತ್ರ್ಯಾನಂತರ ಭಾರತವು ಮೂರನೆಯ ದಾರಿಯನ್ನು ಹಿಡಿದು, 1991ರಿಂದೀಚೆಗೆ ಮೊದಲನೆಯದರತ್ತ ವಾಲಿದೆಯೆಂಬುದು ಸರ್ವವಿದಿತ. ಆದರೆ ಈ ಚರ್ಚೆ ಬಹುಮಟ್ಟಿಗೆ ಹೆಸರುಗಳ ಮೇಲೆಯೇ ನಡೆಯುತ್ತದೆ. ಒಂದು ಎಕರೆ ಹೊಲ, ಒಂದು ದಿನದ ಕೂಲಿ, ಒಂದು ಲೀಟರ್ ಹಾಲು, ಇವುಗಳಿಗೆ ಆಯಾ ವ್ಯವಸ್ಥೆಯಲ್ಲಿ ಏನಾಯಿತೆಂದು ನೋಡದೆ ಕೊಡುವ ತೀರ್ಪು ತೀರ್ಪಲ್ಲ, ಕೇವಲ ಒಲವು.

ಆದುದರಿಂದ ಪ್ರಸ್ತುತ ಲೇಖನದಲ್ಲಿ ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ತಾಲ್ಲೂಕುಗಳನ್ನು ಒರೆಗಲ್ಲಾಗಿ ಇಟ್ಟುಕೊಳ್ಳಲಾಗಿದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಬಹುಕಾಲ ಅದು ಮರಳಿನ ಹಾದಿ. ಶಿರಾ ಮತ್ತು ಪಾವಗಡಗಳಲ್ಲಿ ಮಳೆ ಇನ್ನೂ ಕಡಿಮೆ. ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿರುವ ಪಾವಗಡದಲ್ಲಿ ಬಯಲುಸೀಮೆಯ ಬವಣೆಗಳೆಲ್ಲ ಒಟ್ಟಿಗೆ ಕಾಣಸಿಗುತ್ತವೆ. ಮಳೆಯನ್ನೇ ನಂಬಿದ ಕಡಲೆಕಾಯಿ, ಬತ್ತಿದ ಕೆರೆ, ಆಳಕ್ಕಿಳಿದ ಕೊಳವೆಬಾವಿ, ಫ್ಲೋರೈಡ್ ಬೆರೆತ ನೀರು, ಬೆಂಗಳೂರಿಗೆ ಕೂಲಿಗಾಗಿ ಹೊರಡುವ ಯುವಕರು. ಇಂತಹ ಪ್ರದೇಶದಲ್ಲಿಯೇ ಕಳೆದ ಐವತ್ತು ವರ್ಷಗಳಲ್ಲಿ ಸರ್ಕಾರದ ಭೂಸ್ವಾಧೀನ, ಮುಕ್ತ ಕ್ರಯವಿಕ್ರಯ, ದೀರ್ಘಾವಧಿಯ ಗುತ್ತಿಗೆ, ಸಹಕಾರ ಎಲ್ಲವೂ ನಮ್ಮ ಕಣ್ಣೆದುರಿಗೆ ಅಥವಾ ನೆರೆಯಲ್ಲಿ ನಡೆದಿವೆ. ವ್ಯವಸ್ಥೆಗಳನ್ನು ಹೋಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಮೊದಲು ಪುಸ್ತಕಗಳನ್ನು ನೋಡೋಣ. ಕನ್ನಡ ನಾಡಿನಿಂದಲೇ ಹೊರಟ ಆರ್ಥಿಕ ಚಿಂತನೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ’ (1934) ಅಗ್ರಸ್ಥಾನದಲ್ಲಿದೆ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದು, 1913ರಲ್ಲಿ ಮೈಸೂರು ಬ್ಯಾಂಕಿನ ಸ್ಥಾಪನೆಗೆ ಕಾರಣರಾದ ಅವರು, ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿಗೊಳಿಸುವ ಯೋಜನೆಯನ್ನು ಆ ಗ್ರಂಥದಲ್ಲಿ ಮುಂದಿಟ್ಟರು. ಭೂಮಿಯ ಮೇಲಿನ ಜನಭಾರವನ್ನು ಇಳಿಸಿ ಉದ್ಯಮಗಳಿಗೆ ಒಯ್ಯಬೇಕೆಂಬುದು ಅದರ ತಿರುಳು. ಅವರು ಸೋವಿಯತ್ ಮಾದರಿಯನ್ನು ಒಪ್ಪಿದವರಲ್ಲ. ಖಾಸಗಿ ಉದ್ಯಮವನ್ನು ಉಳಿಸಿಕೊಂಡು, ಅದಕ್ಕೆ ರಾಜ್ಯವು ದಿಕ್ಕು ತೋರಬೇಕೆಂದು ಬಯಸಿದವರು.

ಈ ವಾದದ ಮೊದಲರ್ಧ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಕ್ಷರಶಃ ನಿಜವಾಗಿದೆ. ಒಣ ಹೊಲವೊಂದೇ ಇಷ್ಟು ಜನರನ್ನು ಹೊರಲಾರದು ಎಂಬುದಕ್ಕೆ ಬೆಂಗಳೂರಿನ ಬಸ್ಸು ಹತ್ತುವವರೇ ಸಾಕ್ಷಿ. ಎರಡನೆಯ ಅರ್ಧದಲ್ಲಿ ಮಾತ್ರ ಕೊರತೆಯಿದೆ. ಒಟ್ಟು ಉತ್ಪನ್ನ ಎಷ್ಟಾಗಬೇಕೆಂಬ ಲೆಕ್ಕ ಅದರಲ್ಲಿ ಬಲವಾಗಿದೆ. ಅದು ಯಾರ ಕೈಗೆ, ಯಾವ ಮಿತಿಯಲ್ಲಿ ಸೇರಬೇಕೆಂಬ ಲೆಕ್ಕಕ್ಕೆ ಅಷ್ಟು ಬಲವಿಲ್ಲ. ಜಿಲ್ಲಾ ಕೇಂದ್ರವಾದ ತುಮಕೂರಿನಲ್ಲಿಯೇ ಸರ್ಕಾರಿ ಸ್ವಾಮ್ಯದ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ 1970ರ ದಶಕದಲ್ಲಿ ಬಂತು. ಸುತ್ತಲಿನ ತಾಲ್ಲೂಕುಗಳ ಮನೆಗಳಿಗೆ ಖಾಯಂ ಸಂಬಳದ ಕನಸು ತಂದಿತು. 2016ರಲ್ಲಿ ಕೇಂದ್ರ ಸರ್ಕಾರವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯ ಜಾಗ ಮುಂದೆ ಇಸ್ರೋ ಸಂಸ್ಥೆಗೆ ಹೋಯಿತು. ಒಡೆತನ ರಾಜ್ಯದ್ದಾದ ಮಾತ್ರಕ್ಕೆ ಜೀವನೋಪಾಯ ಶಾಶ್ವತವಾಗುವುದಿಲ್ಲವೆಂಬುದನ್ನು ಇದು ತೋರಿಸಿತು.

ಎರಡನೆಯದಾಗಿ, 1944ರ ಬಾಂಬೆ ಪ್ಲಾನ್. ಹದಿನೈದು ವರ್ಷಗಳಲ್ಲಿ ತಲಾ ಆದಾಯವನ್ನು ಇಮ್ಮಡಿಸುವ ಈ ಯೋಜನೆಗೆ ಸಹಿ ಹಾಕಿದ ಎಂಟು ಮಂದಿಯಲ್ಲಿ ಜೆ.ಆರ್.ಡಿ. ಟಾಟಾ, ಜಿ.ಡಿ. ಬಿರ್ಲಾ ಅವರೊಂದಿಗೆ ಅಹಮದಾಬಾದಿನ ಕಸ್ತೂರಭಾಯಿ ಲಾಲಭಾಯಿಯವರೂ ಇದ್ದರು. ಆನಂದಜಿ ಕಲ್ಯಾಣಜಿ ಪೇಢಿಯ ಅಧ್ಯಕ್ಷರಾಗಿ ದೀರ್ಘಕಾಲ ದೇವಾಲಯಗಳ ಜೀರ್ಣೋದ್ಧಾರ ನಡೆಸಿದ ಅವರನ್ನು ನಮ್ಮ ಟ್ರಸ್ಟುಗಳವರು ಬಲ್ಲರು. ಈ ಯೋಜನೆಯಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ದೇಶದ ಪ್ರಮುಖ ಉದ್ಯಮಪತಿಗಳೇ ರಾಜ್ಯದ ಹೂಡಿಕೆಯನ್ನೂ ನಿಯಂತ್ರಣವನ್ನೂ ಬೇಡಿದರು. ಮಾರುಕಟ್ಟೆಯಿಂದ ಬೆಳೆದವರಿಗೇ ಮಾರುಕಟ್ಟೆಯೊಂದೇ ಸಾಲದೆಂಬುದು ತಿಳಿದಿತ್ತು. ಆದರೆ ಆ ನಿಯಂತ್ರಣ ತಮ್ಮ ಸ್ವಂತ ಸಂಗ್ರಹಕ್ಕೆ ಎಲ್ಲಿ ಎಲ್ಲೆ ಹಾಕಬೇಕೆಂಬುದನ್ನು ಅವರು ಸ್ಪಷ್ಟಪಡಿಸಲಿಲ್ಲ. ಮಿಶ್ರ ಆರ್ಥಿಕತೆಯ ದೌರ್ಬಲ್ಯ ಅಂದೇ ಅಲ್ಲಿ ಅಡಗಿತ್ತು.

ಮೂರನೆಯದು ಜೆ.ಸಿ. ಕುಮಾರಪ್ಪನವರು ಸೆರೆಮನೆಯಲ್ಲಿ ಬರೆದು, 1945ರಲ್ಲಿ ಗಾಂಧೀಜಿಯವರ ಮುನ್ನುಡಿ ಪಡೆದ ‘ಎಕಾನಮಿ ಆಫ್ ಪರ್ಮನೆನ್ಸ್’. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಕುಮಾರಪ್ಪನವರು ಗುಜರಾತಿನ ಮಾತರ ಎಂಬ ಒಂದೇ ತಾಲ್ಲೂಕಿನ ಹಳ್ಳಿಗಳ ಸ್ಥಿತಿಗತಿಯನ್ನು ಮನೆಮನೆಗೆ ಹೋಗಿ ಅಳೆಯುವ ಕೆಲಸದಿಂದ ಆರಂಭಿಸಿದವರು. ತಾಲ್ಲೂಕನ್ನು ಮುಂದಿಟ್ಟುಕೊಂಡು ಅರ್ಥಶಾಸ್ತ್ರವನ್ನು ವಿಮರ್ಶಿಸುವುದಕ್ಕೆ ಅವರೇ ಮಾರ್ಗದರ್ಶಕರು. ಈ ಪುಸ್ತಕದಲ್ಲಿ ಅವರು ನಿಸರ್ಗದ ಜೀವಿಗಳ ನಡೆಯನ್ನು ನೋಡಿ ಆರ್ಥಿಕತೆಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾರೆ: ಪರೋಪಜೀವಿ, ಸುಲಿಗೆ, ಉದ್ಯಮ, ಸಮೂಹ, ಸೇವೆ. ಆಹಾರ ಕೊಡುವುದನ್ನೇ ನಾಶಮಾಡಿ ಬದುಕುವುದು ಅತ್ಯಂತ ಕೆಳಗಿನದು. ಪ್ರತಿಫಲವನ್ನು ಬಯಸದೆ ಮಾಡುವುದು ಅತ್ಯಂತ ಮೇಲಿನದು. ಹೂವಿನಿಂದ ಮಕರಂದವನ್ನು ಪಡೆದು, ಪರಾಗವನ್ನು ಒಯ್ದು ಗಿಡಕ್ಕೂ ಉಪಕರಿಸುವ ಜೇನುನೊಣ ಅವರ ಮುಖ್ಯ ಉದಾಹರಣೆಗಳಲ್ಲೊಂದು.

ನಮ್ಮ ಮುನಿಗಳ ಆಹಾರ ವಿಧಿಯನ್ನು ಭ್ರಾಮರೀ ವೃತ್ತಿಯೆಂದು ಕರೆಯುವುದನ್ನು ವಾಚಕರು ಬಲ್ಲರು. ಹೂವಿಗೆ ನೋವಾಗದಂತೆ ದುಂಬಿ ಪಡೆಯುವಂತೆ, ಗೃಹಸ್ಥನಿಗೆ ಭಾರವಾಗದಂತೆ ಮುನಿ ಆಹಾರ ಪಡೆಯಬೇಕು. ಅದೇ ಶ್ರಾವಕನಿಗೆ ಜೇನುತುಪ್ಪ ವರ್ಜ್ಯ. ಏಕೆಂದರೆ ಗೂಡನ್ನು ಹಿಂಡಿ ತೆಗೆದದ್ದು ಹಿಂಸೆಯ ಫಲ. ಆರ್ಥಿಕ ವ್ಯವಸ್ಥೆಯನ್ನು ವಿಮರ್ಶಿಸುವವನಿಗೆ ಈ ವ್ಯತ್ಯಾಸ ಉಪಯುಕ್ತ. ಗಳಿಕೆ ದೋಷವಲ್ಲ, ಗಳಿಸಿದ್ದನ್ನು ಹಿಂಡಿ ಒಯ್ಯುವುದು ದೋಷ.

ಆದರೂ ಕುಮಾರಪ್ಪನವರ ಗ್ರಂಥವನ್ನು ಹಾಗೆಯೇ ಒಪ್ಪಲಾಗದು. ಹಳ್ಳಿಯ ಅಗತ್ಯಗಳನ್ನು ಹಳ್ಳಿಯ ಸಾಮಗ್ರಿಗಳಿಂದಲೇ ಪೂರೈಸಬೇಕೆಂಬ ಅದರ ಆಶಯ ನೀರಿರುವ ಹಳ್ಳಿಗೆ ಸರಿ. ಮೂರು ವರ್ಷ ಮಳೆ ಬಾರದ ಪಾವಗಡದ ಹಳ್ಳಿಗೆ ಸಾಲದು. ಅಂತೆಯೇ ಹೃದಯ ಪರಿವರ್ತನೆಯೊಂದರಿಂದಲೇ ಜಮೀನಿನ ಅಸಮತೆ ಕರಗುವುದಿಲ್ಲ. ಇದು ಅವರಿಗೂ ತಿಳಿದಿತ್ತು. ಕಾಂಗ್ರೆಸ್ ಪಕ್ಷದ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ 1949ರಲ್ಲಿ ಅವರು ಕೊಟ್ಟ ವರದಿಯಲ್ಲಿ ಮಧ್ಯವರ್ತಿಗಳ ನಿವಾರಣೆಯನ್ನೂ ಹಿಡುವಳಿಗೆ ಗರಿಷ್ಠ ಮಿತಿಯನ್ನೂ ಶಿಫಾರಸು ಮಾಡಲಾಯಿತು. ಅಂದರೆ, ಒಳಗಿನ ಸಂಯಮದ ಜೊತೆಗೆ ಹೊರಗಿನ ಕಾನೂನೂ ಬೇಕೆಂದು ಒಪ್ಪಿದಂತಾಯಿತು.

ಇನ್ನು ಪುಸ್ತಕಗಳಿಂದ ಹೊಲಕ್ಕೆ ಬರೋಣ. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಪಾರ್ಕ್ ಎದ್ದು ನಿಂತಿದೆ. 2018ರ ಮಾರ್ಚ್ 1ರಂದು ಅದರ ಮೊದಲ ಹಂತದ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ಣಗೊಂಡಿತು. ಇದರ ವೈಶಿಷ್ಟ್ಯ ವಿದ್ಯುತ್ತಿಗಿಂತ ಹೆಚ್ಚಾಗಿ ಜಮೀನಿನ ಏರ್ಪಾಟಿನಲ್ಲಿದೆ. ಸರ್ಕಾರವು ಜಮೀನನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ, ಕಂಪನಿಗಳು ಕೊಳ್ಳಲಿಲ್ಲ. ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ ರಚಿಸಿದ ಕರ್ನಾಟಕ ಸೌರವಿದ್ಯುತ್ ಅಭಿವೃದ್ಧಿ ನಿಗಮವು ರೈತರಿಂದ ದೀರ್ಘಾವಧಿಯ ಗುತ್ತಿಗೆಗೆ ಪಡೆದು ವಿದ್ಯುತ್ ಕಂಪನಿಗಳಿಗೆ ಒದಗಿಸಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಪ್ರತಿ ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ, ಅವಧಿ ಸುಮಾರು 28 ವರ್ಷ.

ಇದರ ಗುಣವನ್ನು ಮೊದಲು ಒಪ್ಪಬೇಕು. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬಿತ್ತಿದ ಬೀಜದ ದುಡ್ಡೂ ಹುಟ್ಟದ ನೆಲದಲ್ಲಿ, ಐದು ಎಕರೆಯವನಿಗೆ ವರ್ಷಕ್ಕೆ 1,05,000 ರೂಪಾಯಿ, ಅಂದರೆ ತಿಂಗಳಿಗೆ 8,750 ರೂಪಾಯಿ, ತಪ್ಪದೆ ಬರುವುದು ಸಣ್ಣ ಮಾತಲ್ಲ. ರಾಜ್ಯದ ಖಾತರಿ, ಖಾಸಗಿ ಬಂಡವಾಳ, ರೈತನ ಒಡೆತನ, ಈ ಮೂರೂ ಒಂದೆಡೆ ಕೂಡಿದ ಅಪರೂಪದ ಪ್ರಯೋಗವಿದು. ಮಿಶ್ರ ಆರ್ಥಿಕತೆಯನ್ನು ಹೊಗಳುವವರು ಇದನ್ನು ಉದಾಹರಿಸಿದರೆ ತಪ್ಪಿಲ್ಲ.

ಆದರೆ ಇದರಲ್ಲಿ ಎರಡು ದೋಷಗಳಿವೆ. ಮೊದಲನೆಯದು ಹಣದ ಮೌಲ್ಯಕ್ಕೆ ಸಂಬಂಧಿಸಿದ್ದು. ಎರಡು ವರ್ಷಕ್ಕೆ ಶೇ. 5 ಎಂದರೆ ವರ್ಷಕ್ಕೆ ಸರಾಸರಿ ಎರಡೂವರೆಗಿಂತ ಕಡಿಮೆ. ಈ ಪ್ರಮಾಣದಲ್ಲಿ ಏರಿದರೆ 21,000 ರೂಪಾಯಿ ಕೊನೆಯ ಎರಡು ವರ್ಷಗಳಲ್ಲಿ ಸುಮಾರು 39,600 ಆಗುತ್ತದೆ. ಅದೇ ಅವಧಿಯಲ್ಲಿ ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದವೆಂದು ಇಟ್ಟುಕೊಂಡರೆ, ಆ 39,600 ರೂಪಾಯಿಗೆ ಆರಂಭದ ದಿನಗಳ 11,100 ರೂಪಾಯಿಯಷ್ಟೇ ಕೊಳ್ಳುವ ಶಕ್ತಿ ಉಳಿಯುತ್ತದೆ. ಕಾಗದದ ಮೇಲೆ ಗುತ್ತಿಗೆ ಹಣ ಹೆಚ್ಚುತ್ತ ಹೋಗುತ್ತದೆ. ಅಂಗಡಿಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇದು ಬಸದಿಗಳ ಆಡಳಿತ ನಡೆಸುವವರಿಗೆ ಹೊಸ ಪಾಠವೇನಲ್ಲ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದಿಯಾತಿ ಕಾಯ್ದೆಯಿಂದ ಜಮೀನು ಕಳೆದುಕೊಂಡ ಸಂಸ್ಥೆಗಳಿಗೆ ತಸ್ತೀಕು ಎಂಬ ನಗದು ಗೊತ್ತಾಯಿತು. ಭೂಮಿಯ ಬೆಲೆ ಬೆಳೆಯಿತು. ತಸ್ತೀಕು ಮಾತ್ರ ಬೆಲೆಗಳೊಡನೆ ತಾನಾಗಿ ಏರಲಿಲ್ಲ. ಅದನ್ನು ಹೆಚ್ಚಿಸಿಕೊಳ್ಳಲು ಮತ್ತೆ ಮತ್ತೆ ಸರ್ಕಾರದ ಬಾಗಿಲು ತಟ್ಟಬೇಕಾಯಿತು. ನೆಲವನ್ನು ನಗದಾಗಿ ಪರಿವರ್ತಿಸುವ ಒಪ್ಪಂದದಲ್ಲಿ ಬೆಲೆಯೇರಿಕೆಯ ಹೊರೆ ಯಾರ ಮೇಲೆ ಬೀಳುತ್ತದೆಂಬುದನ್ನು ನಮ್ಮ ಟ್ರಸ್ಟುಗಳು ಅನುಭವದಿಂದ ಬಲ್ಲವು.

ಎರಡನೆಯ ದೋಷ ಇನ್ನೂ ಗಂಭೀರವಾದುದು. ಗುತ್ತಿಗೆಯ ಲೆಕ್ಕ ಎಕರೆಗಳದು. ಎಕರೆ ಇಲ್ಲದವನು ಆ ಲೆಕ್ಕದಲ್ಲಿ ಇಲ್ಲ. ಕಡಲೆಕಾಯಿ ಬಿತ್ತನೆ, ಕಳೆ, ಕೀಳುವುದು, ಬಿಡಿಸುವುದು, ಈ ಕೂಲಿಯನ್ನೇ ನಂಬಿದ್ದ ಭೂಹೀನರಿಗೆ, ಅವರಲ್ಲೂ ಹೆಂಗಸರಿಗೆ, ಬೇಲಿ ಬಿದ್ದ ದಿನವೇ ಕೆಲಸ ಹೋಯಿತು. ಕುರಿ ಮೇಕೆಗಳಿಗೆ ಕೊಯ್ಲಾದ ಹೊಲದ ಮೇವು ತಪ್ಪಿತು. ಫಲಕ ಒರೆಸುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ದೊರೆತಿವೆ. ಆದರೆ ಸೌರವಿದ್ಯುತ್ತಿನ ಸ್ವಭಾವವೇ ಅಂಥದು, ಒಮ್ಮೆ ನಿಂತ ಮೇಲೆ ಅದಕ್ಕೆ ಕೈಗಳು ಹೆಚ್ಚು ಬೇಕಿಲ್ಲ. ಎಲ್ಲರೂ ಒಪ್ಪಿ ಸಹಿ ಹಾಕಿದ ಒಪ್ಪಂದವಿದು ಎಂಬ ಮಾತು ನಿಜ. ಆದರೆ ಸಹಿ ಹಾಕಿಸಲು ಯಾರನ್ನು ಕರೆಯಲಿಲ್ಲವೋ ಅವರ ಬದುಕಿನ ಮೇಲೆಯೇ ಅದರ ಭಾರ ಬಿದ್ದಿತು.

ಈಗ ಗುತ್ತಿಗೆಯನ್ನು ಬಲವಂತದ ಸ್ವಾಧೀನದೊಂದಿಗೆ ಹೋಲಿಸಿ ನೋಡಬೇಕು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿ, ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಭೂಮಿಯನ್ನು ಮುಖ್ಯವಾಗಿ ನಂಬಿ ಬದುಕಿದ ಕೃಷಿ ಕಾರ್ಮಿಕರ ಕುಟುಂಬವೂ ಬಾಧಿತ ಕುಟುಂಬವೆಂದೇ ಪರಿಗಣಿತವಾಗಿದೆ. ಅಂದರೆ ಒತ್ತಾಯದ ಕಾನೂನು ಭೂಹೀನನನ್ನು ಕಂಡಿದೆ. ಸ್ವಇಚ್ಛೆಯ ಗುತ್ತಿಗೆ ಕಂಡಿಲ್ಲ. ಹಾಗೆಂದು ಸ್ವಾಧೀನವೇ ಲೇಸೆಂದು ಹೇಳಲಾಗದು. ಕೊರಟಗೆರೆಯ ನೆರೆಯ, ತುಮಕೂರು ತಾಲ್ಲೂಕಿಗೆ ಸೇರಿದ ವಸಂತನರಸಾಪುರದಲ್ಲಿ ಬೆಳೆದಿರುವ ಕೈಗಾರಿಕಾ ಪ್ರದೇಶವನ್ನು ನೋಡಿ. 2014ರ ಸೆಪ್ಟೆಂಬರಿನಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ಭಾಗವಾಗಿ ಮೂರು ಹಂತಗಳಲ್ಲಿ 8,484 ಎಕರೆಯ ಟೌನ್‌ಶಿಪ್‌ಗೆ 2023ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ನೆರವೇರಿತು. ಕೈಗಾರಿಕಾ ಪ್ರದೇಶಗಳಿಗೆ ರಾಜ್ಯವು ತನ್ನದೇ 1966ರ ಕಾಯ್ದೆಯಡಿ ಜಮೀನು ಪಡೆಯುತ್ತದೆ. ಅಲ್ಲಿ ರೈತನಿಗೆ ಪರಿಹಾರದ ಹಣ ಒಮ್ಮೆ ದೊರೆಯುತ್ತದೆ. ಪಹಣಿಯಿಂದ ಹೆಸರು ಶಾಶ್ವತವಾಗಿ ಹೋಗುತ್ತದೆ. ಉದ್ಯೋಗಗಳ ಸಂಖ್ಯೆಯಲ್ಲಿ ಕಾರ್ಖಾನೆ ಸೌರಫಲಕಕ್ಕಿಂತ ಮೇಲು. ಒಡೆತನ ಉಳಿಸುವಲ್ಲಿ ಗುತ್ತಿಗೆ ಮೇಲು. ಎರಡರಲ್ಲಿಯೂ ಒಂದೊಂದು ಕಣ್ಣು ಕುರುಡು.

ಇನ್ನು ಮುಕ್ತ ಮಾರುಕಟ್ಟೆ. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆ ಉಳುವವನಿಗೆ ಭೂಮಿ ಕೊಟ್ಟಿತು. ಆಗ ಕರಾವಳಿಯ ಅನೇಕ ಜೈನ ಮನೆತನಗಳು ಗೇಣಿಯ ಭೂಮಿ ಕಳೆದುಕೊಂಡವು. ಆ ನೋವು ಇಂದಿಗೂ ಕೆಲವು ಮನೆಗಳಲ್ಲಿ ಮಾತಾಗಿ ಬರುತ್ತದೆ. ಆದರೆ ಒಂದು ತೊಟ್ಟು ರಕ್ತ ಚೆಲ್ಲದೆ, ಅರ್ಜಿ, ನ್ಯಾಯಮಂಡಳಿ, ಆದೇಶಗಳ ಮೂಲಕ ಇಷ್ಟು ದೊಡ್ಡ ಬದಲಾವಣೆ ನಡೆದುದನ್ನು ಅಹಿಂಸೆಯನ್ನು ನಂಬಿದ ಸಮಾಜವು ಕೀಳೆಣಿಕೆ ಮಾಡಬಾರದು. ಅದಕ್ಕೆ ವ್ಯತಿರಿಕ್ತವಾದ ದಾರಿಯನ್ನೂ ಪಾವಗಡ ಕಂಡಿದೆ. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲೀಯರ ದಾಳಿಯಾಗಿ ಪೊಲೀಸರು ಹತರಾದರು. ಸತ್ತವರೂ ಬಡವರ ಮಕ್ಕಳೇ. ಸಮತೆಯ ಹೆಸರಿನಲ್ಲಿ ನಡೆದ ಆ ಕೊಲೆಯಿಂದ ಯಾವ ಭೂಹೀನನಿಗೂ ಒಂದು ಗುಂಟೆ ದೊರೆಯಲಿಲ್ಲ.

1974ರ ಕಾಯ್ದೆಯಲ್ಲಿದ್ದ, ಕೃಷಿಕರಲ್ಲದವರು ಕೃಷಿ ಭೂಮಿಯನ್ನು ಕೊಳ್ಳುವುದಕ್ಕೆ ಅಡ್ಡಿಯಾಗಿದ್ದ 79ಎ, 79ಬಿ ಕಲಂಗಳನ್ನು 2020ರಲ್ಲಿ ಕೈಬಿಡಲಾಯಿತು. ಕೊಳ್ಳುವ ಹಕ್ಕು ಹಣವುಳ್ಳ ಯಾರಿಗೂ ದೊರೆಯಿತು. ಮಾರಬೇಕಾದ ರೈತನಿಗೆ ಗಿರಾಕಿಗಳು ಹೆಚ್ಚಿ ಬೆಲೆ ಸಿಗುತ್ತದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಬರಗಾಲದಲ್ಲಿ ಮಾರುವವನದೂ ನಗರದಿಂದ ಬಂದು ಕೊಳ್ಳುವವನದೂ ಒಂದೇ ಬಗೆಯ ಸ್ವಾತಂತ್ರ್ಯವಲ್ಲ. ಒಬ್ಬನಿಗೆ ಮಗಳ ಮದುವೆ, ಕೊಳವೆಬಾವಿಯ ಸಾಲ. ಇನ್ನೊಬ್ಬನಿಗೆ ಬೆಲೆ ಏರುವವರೆಗೆ ಕಾಯುವ ಸಮಯ. ಉಳದೆ, ಬಿತ್ತದೆ, ತಂತಿ ಬೇಲಿ ಹಾಕಿ ಕಾಯುವ ಒಡೆತನ ದೇಶದ ಉತ್ಪನ್ನಕ್ಕೆ ಒಂದು ಸೇರು ರಾಗಿಯನ್ನೂ ಸೇರಿಸುವುದಿಲ್ಲ.

ಇವೆಲ್ಲದರ ನಡುವೆ, ಹೆಚ್ಚು ಸದ್ದಿಲ್ಲದೆ ನಡೆದುಕೊಂಡು ಬಂದಿರುವುದು ಸಹಕಾರ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಸಿದ್ಧನಗೌಡ ಪಾಟೀಲರ ನೇತೃತ್ವದಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಹುಟ್ಟಿತೆಂಬುದು ಕನ್ನಡಿಗರ ಹೆಮ್ಮೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅದರ ಜೀವಂತ ರೂಪ ಹಾಲು ಉತ್ಪಾದಕರ ಸಹಕಾರ ಸಂಘ. ಜಮೀನಿಲ್ಲದ ಹೆಂಗಸೂ ಒಂದು ಹಸುವಿನಿಂದ ಸದಸ್ಯಳಾಗಬಲ್ಲಳು. ಹಾಲಿನ ಜಿಡ್ಡು ಮತ್ತು ಘನಾಂಶ ಅಳೆದು ಹಣ ಕೊಡಲಾಗುತ್ತದೆ. ಜಾತಿ, ಜಮೀನು ಅಳೆದಲ್ಲ. ಹತ್ತು ಹಸುವಿನವನಿಗೂ ಒಂದು ಹಸುವಿನವಳಿಗೂ ಮತ ಒಂದೇ. ಇಲ್ಲಿ ಮಾರುಕಟ್ಟೆಯಿದೆ, ಏಕೆಂದರೆ ಹಾಲು ನಗರದಲ್ಲಿ ಮಾರಾಟವಾಗುತ್ತದೆ. ರಾಜ್ಯವೂ ಇದೆ, 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾದ ಪ್ರೋತ್ಸಾಹಧನ 2016ರಲ್ಲಿ 5 ರೂಪಾಯಿಗೆ ಏರಿತು. ಆದರೆ ಒಡೆತನ ಹಾಲು ಹಾಕುವವರದು. ಕುಮಾರಪ್ಪನವರು ಸಮೂಹದ ಆರ್ಥಿಕತೆಯೆಂದು ಕರೆದುದಕ್ಕೆ ಇದಕ್ಕಿಂತ ಸಮೀಪದ ರೂಪ ನಮ್ಮ ಸೀಮೆಯಲ್ಲಿಲ್ಲ.

ಸಹಕಾರವನ್ನು ದೇವಲೋಕದಿಂದ ಇಳಿದದ್ದೆಂದು ಭಾವಿಸಬೇಕಿಲ್ಲ. ಸಂಘಗಳಲ್ಲಿ ರಾಜಕೀಯ ಹೊಕ್ಕಿದೆ. ಪ್ರೋತ್ಸಾಹಧನ ತಿಂಗಳುಗಟ್ಟಲೆ ತಡವಾದದ್ದಿದೆ. ಮೇವಿನ ಬೆಲೆ ಹಾಲಿನ ಬೆಲೆಗಿಂತ ಮುಂದೆ ಓಡುತ್ತದೆ. ಹಾಲಿನ ಉದ್ಯಮದಲ್ಲಿ ಗಂಡುಕರುವಿನ, ಬರಡು ಹಸುವಿನ ಗತಿಯೇನೆಂಬ ಪ್ರಶ್ನೆಯನ್ನು ಅಹಿಂಸಾವಾದಿಗಳು ಕೇಳಲೇಬೇಕು. ಗೋಹತ್ಯೆ ನಿಷೇಧಿಸಿದ 2020ರ ಕಾಯ್ದೆಯನ್ನು ಮೆಚ್ಚುವವರು, ಹಾಲು ಕೊಡದ ಹಸುವನ್ನು ಸಾಕುವ ಖರ್ಚನ್ನು ಒಂದು ಹಸುವಿನ ಬಡವಳ ಮೇಲೆಯೇ ಹೊರಿಸಿ ಸುಮ್ಮನಿರುವುದು ಧರ್ಮವಲ್ಲ. ಆದರೂ ಈ ದೋಷಗಳು ತಿದ್ದಬಹುದಾದಂಥವು, ಏಕೆಂದರೆ ತಿದ್ದುವ ಮತ ಸದಸ್ಯರ ಕೈಯಲ್ಲಿದೆ. ಗುತ್ತಿಗೆಯ ಬೇಲಿಯ ಹೊರಗೆ ನಿಂತವನಿಗೆ ಅಂಥ ಮತವಿಲ್ಲ.

ಈ ಹೋಲಿಕೆಯಿಂದ ನಮಗೆ ದೊರೆಯುವ ಅಳತೆಗೋಲು ಎರಡು ಪ್ರಶ್ನೆಗಳಲ್ಲಿದೆ. ಈ ವ್ಯವಸ್ಥೆ ಆಸ್ತಿಯಿಲ್ಲದವನನ್ನು ಎಣಿಸುತ್ತದೆಯೇ? ಆಸ್ತಿಯುಳ್ಳವನಿಗೆ ಎಲ್ಲಿಯಾದರೂ ಮಿತಿ ಹಾಕುತ್ತದೆಯೇ? ಮಾರುಕಟ್ಟೆ ಎರಡಕ್ಕೂ ಇಲ್ಲವೆನ್ನುತ್ತದೆ. ರಾಜ್ಯಸ್ವಾಮ್ಯ ಇತರರಿಗೆ ಮಿತಿ ಹಾಕಿ ತನಗೆ ಹಾಕಿಕೊಳ್ಳುವುದಿಲ್ಲ. ಮಿಶ್ರ ವ್ಯವಸ್ಥೆಯಲ್ಲಿ ಉತ್ತರ ಒಪ್ಪಂದದ ಷರತ್ತುಗಳಲ್ಲಿರುತ್ತದೆ. ಆದ್ದರಿಂದ ಹೆಸರಿಗಿಂತ ಷರತ್ತುಗಳನ್ನು ಓದಬೇಕು. ಸಹಕಾರ ಮೊದಲ ಪ್ರಶ್ನೆಗೆ ಸ್ಪಷ್ಟವಾಗಿ, ಎರಡನೆಯದಕ್ಕೆ ಭಾಗಶಃ ಹೌದೆನ್ನುತ್ತದೆ.

ಎರಡನೆಯ ಪ್ರಶ್ನೆಗೆ ಶ್ರಾವಕಾಚಾರದಲ್ಲಿ ಸಿದ್ಧ ಉತ್ತರವಿದೆ. ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವು ಗೃಹಸ್ಥನಿಗೆ ಎಲ್ಲವನ್ನೂ ತೊರೆಯಲು ಹೇಳುವುದಿಲ್ಲ. ತನಗೆಷ್ಟು ಸಾಕೆಂಬುದನ್ನು ಗಳಿಸುವುದಕ್ಕೆ ಮೊದಲೇ ನಿಶ್ಚಯಿಸಿಕೊಳ್ಳಲು ಹೇಳುತ್ತದೆ. ಗಳಿಸಿದ ಮೇಲೆ ದಾನ ಮಾಡುವುದು ಬೇರೆ. ಮೊದಲೇ ಎಲ್ಲೆ ಹಾಕಿಕೊಳ್ಳುವುದು ಬೇರೆ. ಈ ವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರದಲ್ಲಿ ಮೊದಲು ಬರುವ ವಸ್ತು ಕ್ಷೇತ್ರ, ಅಂದರೆ ಹೊಲ. ಚಿನ್ನ ಬೆಳ್ಳಿ ಅದರ ಅನಂತರ. ಚಿನ್ನವನ್ನು ಒಬ್ಬನು ಕೂಡಿಟ್ಟರೆ ಇನ್ನೊಬ್ಬನ ಊಟ ಅದರಿಂದಲೇ ನಿಲ್ಲದಿರಬಹುದು; ಹೊಲವನ್ನು ಕೂಡಿಟ್ಟರೆ ನಿಲ್ಲುತ್ತದೆ.

ಮಿತಿ ಹಾಕಿದರೆ ಬಡದೇಶಕ್ಕೆ ಬೇಕಾದ ಬಂಡವಾಳ ಕೂಡುವುದು ಹೇಗೆಂಬ ಆಕ್ಷೇಪಣೆ ಬರುವುದು ಸಹಜ. ಮಿತಿ ಸ್ವಂತ ಭೋಗಕ್ಕೂ ಒಡೆತನಕ್ಕೂ ಸಂಬಂಧಿಸಿದ್ದು, ಹೂಡಿಕೆಗೆ ಸಂಬಂಧಿಸಿದ್ದಲ್ಲ. ಮಿತಿ ಮೀರಿದ ಗಳಿಕೆ ಕೆರೆಗೆ, ಶಾಲೆಗೆ, ಸಹಕಾರಕ್ಕೆ ಹರಿದರೆ ಅದೂ ಬಂಡವಾಳವೇ. ಗಾಂಧೀಜಿಯವರು ಧರ್ಮದರ್ಶಿತ್ವವೆಂದು ಕರೆದದ್ದು ಇದನ್ನೇ. ಈ ಸೀಮೆಗೆ ಅದು ಹೊಸತೂ ಅಲ್ಲ. ನಿಡುಗಲ್ಲಿನ ಅರಸರ ಆಳ್ವಿಕೆಯಲ್ಲಿದ್ದ, ಇಂದು ಗಡಿಯಾಚೆಗಿರುವ ಅಮರಾಪುರದ 1278ರ ಶಾಸನದಲ್ಲಿ ಮಲ್ಲಿಸೆಟ್ಟಿ ಎಂಬವನು ಎರಡು ಸಾವಿರ ಅಡಿಕೆ ಮರಗಳನ್ನು ಜಿನಾಲಯಕ್ಕೆ ಬಿಟ್ಟುಕೊಟ್ಟ ಸಂಗತಿಯಿದೆ. ಅವನು ಕೊಟ್ಟದ್ದು ಒಮ್ಮೆಗೆ ಕರಗುವ ಹೊನ್ನಲ್ಲ, ವರ್ಷವರ್ಷ ಫಲ ಕೊಡುವ ಮರ. ಬೆಲೆ ಏರಿದರೂ ಇಳಿದರೂ ಅಡಿಕೆ ಅಡಿಕೆಯೇ. ಇಂದಿನ ಗುತ್ತಿಗೆ ಪತ್ರ ಬರೆಯುವವರು ಅದನ್ನು ಗಮನಿಸಬಹುದಿತ್ತು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಕರ್ತವ್ಯವನ್ನೂ ಹೇಳಬೇಕು. ಸರ್ಕಾರವನ್ನು ಕೇಳಬೇಕಾದದ್ದು ಮೂರು: ಇಂಥ ಗುತ್ತಿಗೆಗಳಲ್ಲಿ ಹಣವನ್ನು ಬೆಲೆ ಸೂಚ್ಯಂಕದೊಂದಿಗೆ ಕಟ್ಟಬೇಕು, ಆ ಗ್ರಾಮಗಳ ಭೂಹೀನ ಕುಟುಂಬಗಳಿಗೆ ಎಕರೆಯ ಲೆಕ್ಕವಿಲ್ಲದೆ ವಾರ್ಷಿಕ ಪಾಲು ಇರಬೇಕು, ಕುರಿ ಮೇಕೆಗಳ ಮೇವಿಗೆ ಜಾಗ ಬಿಡಬೇಕು. ನಮ್ಮನ್ನು ನಾವು ಕೇಳಿಕೊಳ್ಳಬೇಕಾದದ್ದೂ ಮೂರು. ಶ್ರಾವಕ ಕುಟುಂಬಗಳು ತಮ್ಮ ಕ್ಷೇತ್ರದ ಪರಿಮಾಣವನ್ನು ಬರೆದಿಟ್ಟುಕೊಳ್ಳಲಿ. ಕೇವಲ ಬೆಲೆಗಾಗಿ ಕಾಯುವ ಕೃಷಿ ಭೂಮಿಯನ್ನು, ಕಾನೂನು ಅನುಮತಿಸಿದರೂ, ಕೊಳ್ಳದಿರಲಿ. ಬಸದಿಗಳ ಟ್ರಸ್ಟುಗಳು ಉಳಿದ ಜಮೀನನ್ನು ಗುತ್ತಿಗೆಗೆ ಕೊಡುವಾಗ ಹೆಚ್ಚು ಹಣ ಕೂಗಿದವನಿಗಿಂತ ಉಳುವ ಭೂಹೀನರ ಗುಂಪಿಗೆ ಆದ್ಯತೆ ಕೊಡಲಿ. ಠೇವಣಿಯ ಬಡ್ಡಿಯಲ್ಲಿ ಒಂದು ಪಾಲನ್ನು ಊರ ಕೆರೆಯ ಹೂಳಿಗೋ ಬರಡು ಹಸುಗಳ ಮೇವಿಗೋ ಮೀಸಲಿಟ್ಟು, ಅದರ ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಓದಲಿ.

ಯಾವ ಆರ್ಥಿಕ ವ್ಯವಸ್ಥೆ ಶ್ರೇಷ್ಠವೆಂಬುದನ್ನು ದೆಹಲಿ ಬೆಂಗಳೂರುಗಳು ಆಗಾಗ ಬದಲಿಸುತ್ತಿರುತ್ತವೆ. ಆದರೆ ಪ್ರತಿಯೊಂದು ವ್ಯವಸ್ಥೆಯೂ ಕೊನೆಗೆ ಒಂದು ಕ್ರಯಪತ್ರವಾಗಿ, ಗುತ್ತಿಗೆ ಪತ್ರವಾಗಿ, ಟ್ರಸ್ಟಿನ ನಡವಳಿ ಪುಸ್ತಕದ ಒಂದು ಠರಾವಾಗಿ ನಮ್ಮ ಕೈಗೆ ಬರುತ್ತದೆ. ಆ ಕಾಗದಕ್ಕೆ ರುಜು ಹಾಕುವ ಮುನ್ನ, ಅದರಲ್ಲಿ ಯಾರ ಹೆಸರಿಲ್ಲ ಎಂದು ಒಮ್ಮೆ ನೋಡುವುದು ನಮ್ಮಿಂದ ಆಗಬಹುದಾದ ಕೆಲಸ.